ಯಾರು ಶುರು ಮಾಡಿದ್ದು

ಮಾರ್ಚ್ ೨೯

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಲು ಕೈ ಬರುತ್ತಿಲ್ಲ. ಫೋನ್ ಮಾಡಿದರೆ ಎರಡನೇ ನಿಮಿಷಕ್ಕೆ ನಮ್ಮಿಬ್ಬರ ದನಿ ಏರುತ್ತದೆ, ಐದನೇ ನಿಮಿಷಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ.

ನೀನು ನನ್ನ ಮಕ್ಕಳನ್ನು ನೋಡಿ ನಾಲ್ಕು ವರ್ಷವಾಯಿತು. ದೊಡ್ಡವಳಿಗೆ ಈಗ ಹನ್ನೊಂದು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಅವಳಪ್ಪ ಲಾಯರಮ್ಮ ಎನ್ನುತ್ತಾರೆ. ಚಿಕ್ಕವಳಿಗೆ ಏಳು. ವಾದದಲ್ಲಿ ಸೋತಾಗಲೆಲ್ಲ ಕಚ್ಚುತ್ತಾಳೆ, ಹಾಗಾಗಿ ಅವಳು ಇಲಿ. ಇಬ್ಬರೂ ಹಗಲೆಲ್ಲ ಕಿತ್ತಾಡುತ್ತಾರೆ. ಇವರು ರೈಲಿನ ಗಾರ್ಡ್ ಕೆಲಸದಲ್ಲಿ ವಾರಕ್ಕೆ ನಾಲ್ಕು ದಿನ ಊರಿನಲ್ಲೇ ಇರುವುದಿಲ್ಲ, ಬಂದಾಗ ಮಕ್ಕಳು ದೇವರಂತೆ ಇರುತ್ತಾರೆ. ಹಾಗಾಗಿ ನಾನು ಹೇಳಿದ್ದನ್ನು ಇವರು ನಂಬುವುದೂ ಇಲ್ಲ.

ಭಾನುವಾರ ನಮ್ಮ ಡೆಂಟಲ್ ಲ್ಯಾಬಿನಿಂದ ಒಬ್ಬ ಅಜ್ಜನ ಕಟ್ಟುಹಲ್ಲಿನ ಸೆಟ್ಟನ್ನು ಮನೆಗೆ ತಂದುಕೊಂಡಿದ್ದೆ. ಸೋಮವಾರ ಬೆಳಗ್ಗೆ ಡಾಕ್ಟರಿಗೆ ಕೊಡಬೇಕಿತ್ತು. ಮೇಣದ ದಿಂಡಿನ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಾ ಬಂದು ಹದಿನಾಲ್ಕನೆಯದಕ್ಕೆ ಕೈ ಹಾಕಿದ್ದೆ. ಕಿಟಕಿ ಪಕ್ಕದ ಹಾಸಿಗೆ ಯಾರದು ಎಂಬ ಜಗಳ ಒಳಗಿನ ಕೋಣೆಯಲ್ಲಿ ಹುಟ್ಟಿ, ಹೊರಳಾಡಿಕೊಂಡು ಬಂದು ನನ್ನ ಮೇಜಿಗೆ ಬಡಿಯಿತು. ಅಜ್ಜನ ಹಲ್ಲುಗಳೆಲ್ಲ ಬೀರುವಿನ ಕೆಳಗೆ ಹೋದವು.

ನಾನು ಎದ್ದೆ, ದೊಡ್ಡವಳ ಕೆನ್ನೆಗೆ ಹೊಡೆದೆ. ಅವಳು ಮುಗ್ಗರಿಸಿ ಕಬ್ಬಿಣದ ಮಂಚದ ಅಂಚಿಗೆ ಬಿದ್ದಳು. ಗಲ್ಲಕ್ಕೆ ಮೂರು ಹೊಲಿಗೆ. ಹೊಲಿಯುವಾಗ ನರ್ಸ್ ಅವಳ ತೋಳು ಹಿಡಿದು, "ಇದೇನಮ್ಮಾ ಇದು?" ಎಂದರು. ತೋಳಿನ ಮೇಲೆ ಇಲಿಯ ಹಲ್ಲಿನ ಗುರುತು, ಮೇಲೆ ಆರು, ಕೆಳಗೆ ಆರು, ರಕ್ತ ಒಸರಿತ್ತು. ಯಾರು ಶುರು ಮಾಡಿದ್ದು ಎಂದು ನಾನು ಕೇಳಿರಲೇ ಇಲ್ಲ.

ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನನಗೂ ನನ್ನ ಕೈಯನ್ನು ಕಂಡರೆ ಹೆದರಿಕೆ. ಎರಡು ತಿಂಗಳ ರಜೆ ಬರುತ್ತಿದೆ. ಅವಳನ್ನು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಇದನ್ನು ಕೇಳಲು ನನಗೆ ಎಷ್ಟು ಕಷ್ಟವಾಗಿದೆಯೆಂದು ನಿನಗೆ ಗೊತ್ತು.

ನಿನ್ನ ತಂಗಿ

*

ಏಪ್ರಿಲ್ ೧೧

ಪ್ರೀತಿಯ ತಂಗಿಗೆ,

ನಿನ್ನ ಮಗಳು ಚೆನ್ನಾಗಿದ್ದಾಳೆ, ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ. ಗಾಯ ಒಣಗಿದೆ. ನಾನು ಏನನ್ನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೊದಲೆರಡು ದಿನ ಗೋಡೆ ನೋಡಿಕೊಂಡು ಕೂತಿದ್ದಳು. ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆಂದು ಮೂರನೇ ದಿನ ಕೆಲಸಕ್ಕೆ ಕರೆದುಕೊಂಡು ಹೋದೆ. ಕಲಿಯುವವರು ಸ್ಟಿಯರಿಂಗ್ ಹಿಡಿಯುತ್ತಾರೆ, ನಾನು ಪಕ್ಕದಲ್ಲಿ, ಇವಳು ಹಿಂದಿನ ಸೀಟಿನಲ್ಲಿ. ಈಗ ಕಲಿಯುತ್ತಿರುವವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಗಾಡಿ ದೀಪದ ಕಂಬದ ಹತ್ತಿರ ಹೋದಾಗಲೆಲ್ಲ ಕಂಬಕ್ಕೆ "ಕ್ಷಮಿಸಿ" ಅನ್ನುತ್ತಾರೆ. ನಿನ್ನ ಮಗಳು ಮೊದಲ ಸಲ ನಕ್ಕದ್ದು ಆಗ.

"ದೊಡ್ಡಮ್ಮಾ, ನಿಮ್ಮ ಕಾಲ ಹತ್ರಾನೂ ಬ್ರೇಕ್ ಇದೆಯಲ್ಲ, ಯಾಕೆ?" ಎಂದು ಕೇಳಿದಳು.

"ಅವರಿಗೆ ಗಾಬರಿಯಾದಾಗ ನಾನು ಒತ್ತೋಕೆ."

"ಬೈಯಲ್ವಾ?"

"ಬೈದ್ರೆ ಗಾಡಿ ನಿಲ್ಲುತ್ತಾ?"

ನಿನಗೂ ಅದನ್ನೇ ಹೇಳಬೇಕೆನಿಸುತ್ತದೆ. ಹದಿನಾರು ವರ್ಷದಿಂದ ಕಲಿಸುತ್ತಿದ್ದೇನೆ, ಒಬ್ಬರ ಮೇಲೂ ಕೂಗಾಡಿಲ್ಲ. ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿ, ಕೋಣೆಯಿಂದ ಆಚೆ ಹೋಗು, ಉಸಿರು ತೆಗೆದುಕೋ. ಮಕ್ಕಳ ಜಗಳದಲ್ಲಿ ನೀನೂ ಮೂರನೇ ಮಗುವಾದರೆ ಹೇಗೆ?

ಅವಳ ಶೂ ಕಚ್ಚುತ್ತಿತ್ತು, ಹೊಸದು ಕೊಡಿಸಿದ್ದೇನೆ. ಜೊತೆಗೆ ಒಂದು ಫೋಟೋ ಇಟ್ಟಿದ್ದೇನೆ.

ನಿನ್ನ ಅಕ್ಕ

*

ಏಪ್ರಿಲ್ ೨೪

ಅಕ್ಕಾ,

ನೀನು ಹೇಳಿದ ಹಾಗೆ ನೀರು ಕುಡಿದೆ. ಒಂದೇ ಬೆಳಗ್ಗೆ ಐದು ಲೋಟ. ಇಲಿ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. "ಅಮ್ಮಾ, ಇನ್ನೊಂದು ಚೂರು ಸಿಟ್ಟು ಉಳಿದಿದೆಯಾ?" ಎಂದು ಆರನೆಯದನ್ನು ಅವಳೇ ತುಂಬಿಕೊಟ್ಟಳು.

ಜಗಳವಾಡಲು ಜೊತೆಯಿಲ್ಲದೆ ಅವಳು ಬಡವಾಗಿದ್ದಾಳೆ. ಕೋಣೆಯ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾಳೆ. ಆಚೆ ಅಕ್ಕನ ಜಾಗ, ಈಚೆ ತನ್ನದು. ಆಚೆ ಯಾರೂ ಇಲ್ಲದಿದ್ದರೂ ಗೆರೆ ದಾಟುವುದಿಲ್ಲ. ಕಿಟಕಿ ಪಕ್ಕದ ಹಾಸಿಗೆ ಖಾಲಿ ಬಿದ್ದಿದೆ, ಇವಳು ಬಾಗಿಲ ಪಕ್ಕ ಮಲಗುತ್ತಾಳೆ.

ಫೋಟೋ ನೋಡಿದೆ. ನಿನ್ನ ಕಾರಿನ ಸ್ಟಿಯರಿಂಗ್ ಹಿಡಿದು ಬಾಯ್ತುಂಬ ನಗುತ್ತಿದ್ದಾಳೆ. ಎಡಗಡೆಯ ಕೋರೆಹಲ್ಲು ಪೂರ್ತಿ ಬಂದಿದೆ. ಊರಿನವರ ಹಲ್ಲನ್ನೆಲ್ಲ ನೋಡುವುದೇ ನನ್ನ ಕೆಲಸ. ನನ್ನ ಮಗಳ ಹಲ್ಲು ಬಂದದ್ದು ನನಗೆ ನೀನು ಕಳಿಸಿದ ಫೋಟೋದಲ್ಲಿ ಗೊತ್ತಾಯಿತು. ಅವಳು ನನ್ನೆದುರು ಅಷ್ಟು ಬಾಯಿ ತೆರೆದು ನಕ್ಕು ಎಷ್ಟು ದಿನವಾಗಿದೆಯೆಂದು ಲೆಕ್ಕ ಸಿಗಲಿಲ್ಲ. ಫೋಟೋವನ್ನು ಅಡುಗೆಮನೆಯ ಡ್ರಾಯರಿನಲ್ಲಿ ಬೋರಲು ಹಾಕಿದ್ದೇನೆ.

ಶೂ ಕಚ್ಚುತ್ತಿತ್ತೆಂದು ನನಗೂ ಗೊತ್ತಿತ್ತು. ಇವರು ಬಂದ ಮೇಲೆ ತೆಗೆದುಕೊಳ್ಳೋಣ ಎಂದಿದ್ದೆ. ಈಗ ಅದೂ ನಿನ್ನ ಪಾಲಿಗೆ ಹೋಯಿತು.

ನೀನು ಚಿಕ್ಕಂದಿನಿಂದಲೂ ಹೀಗೆಯೇ. ನಾನು ಕೂಗಿ, ಕಿರುಚಿ, ಪಾತ್ರೆ ಎಸೆದು ಬೈಸಿಕೊಳ್ಳುತ್ತಿದ್ದೆ. ನೀನು ಒಂದು ಹುಬ್ಬು ಮೇಲೆತ್ತಿ ಸುಮ್ಮನೆ ನಿಂತು ಗೆದ್ದುಬಿಡುತ್ತಿದ್ದೆ. "ನಿನ್ನ ಅಕ್ಕನ್ನ ನೋಡಿ ಕಲಿ" ಎಂಬ ಮಾತು ಕೇಳಿಯೇ ನಾನು ಬೆಳೆದದ್ದು. ಹದಿನಾರು ವರ್ಷದಲ್ಲಿ ಒಬ್ಬರ ಮೇಲೂ ಕೂಗಲಿಲ್ಲವೇ? ಫೀಸು ಕೊಟ್ಟು ಬಂದವರ ಮೇಲೆ ಯಾರು ಕೂಗುತ್ತಾರೆ ಅಕ್ಕಾ? ಗಂಟೆ ಮುಗಿದ ಕೂಡಲೇ ಅವರು ಇಳಿದು ಅವರ ಮನೆಗೆ ಹೋಗುತ್ತಾರೆ.

ಇದನ್ನು ಹರಿದು ಬೇರೆ ಬರೆಯಬೇಕೆನಿಸಿತು. ಹರಿಯುವುದಿಲ್ಲ.

ತಂಗಿ

*

ಮೇ ೨

ಅಮ್ಮನಿಗೆ,

ಇದನ್ನು ದೊಡ್ಡಮ್ಮ ಬರಿ ಅಂತ ಹೇಳಿದ್ದಕ್ಕೆ ಬರೀತಿದೀನಿ. ನಾನಾಗಿ ಬರೆದದ್ದಲ್ಲ ಅಂತ ನಿನಗೆ ತಿಳಿದಿರಲಿ.

ನಾನು ಹೇಳಬೇಕಾಗಿದ್ದು ಇಷ್ಟು. ಒಂದು ತಿಂಗಳು ಕಿಟಕಿ ನನಗೆ, ಒಂದು ತಿಂಗಳು ಅವಳಿಗೆ ಅಂತ ಒಪ್ಪಂದ ಆಗಿತ್ತು. ಅವತ್ತಿಗೆ ನನ್ನ ತಿಂಗಳು ಮುಗಿಯೋಕೆ ಇನ್ನೂ ಮೂರು ದಿನ ಇತ್ತು. ಕ್ಯಾಲೆಂಡರಿನ ಮೇಲೆ ಗುರುತೂ ಹಾಕಿದ್ದೆ, ನೀನು ಬೇಕಾದರೆ ನೋಡು. ಅವಳು ಕಚ್ಚಿದಳು. ನಾನು ಬಿಡಿಸಿಕೊಳ್ಳೋಕೆ ತಳ್ಳಿದೆ. ನೀನು ಬಂದೆ. ನೀನು ಯಾವಾಗ ಬಂದರೂ ನಾನು ತಳ್ಳೋದು ಮಾತ್ರ ಕಾಣುತ್ತೆ, ಅವಳು ಕಚ್ಚೋದು ಒಂದು ಸಲವೂ ಕಾಣಲ್ಲ. "ನೀನು ದೊಡ್ಡವಳು" ಅಂತೀಯ. ನಾನು ಬೇಕು ಅಂತ ದೊಡ್ಡವಳಾಗಿ ಹುಟ್ಟಿದ್ದಲ್ಲ.

ದೊಡ್ಡಮ್ಮನಿಗೆ ಬೈಯೋಕೇ ಬರಲ್ಲ. ಇಲ್ಲಿ ನನಗೆ ಒಂದು ಕೋಣೆ ಇದೆ, ಕಿಟಕಿ ಎರಡಿದೆ. ನಾನು ಇಲ್ಲೇ ಇರ್ತೀನಿ.

ಇಲಿಗೆ ಹೇಳು, ನನ್ನ ಕಂಪಾಸ್ ಬಾಕ್ಸ್ ಮುಟ್ಟಬಾರದು. ಮುಟ್ಟಿದರೆ ನನಗೆ ಗೊತ್ತಾಗುತ್ತೆ.

ಇತಿ ನಿನ್ನ ದೊಡ್ಡ ಮಗಳು

*

ಮೇ ೬

ಪ್ರೀತಿಯ ತಂಗಿಗೆ,

ಅವಳ ಕಾಗದ ತಲುಪಿರಬೇಕು. ನಾನು ಓದಲಿಲ್ಲ, ಅಂಟಿಸಿ ಕೊಟ್ಟಳು. ಆದರೆ ಇಲ್ಲೇ ಇರುತ್ತೇನೆಂದು ನನಗೂ ಹೇಳಿದ್ದಾಳೆ.

ನೀನು ಕೋಪಿಸಿಕೊಳ್ಳದೆ ಕೇಳು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಒಳ್ಳೆಯ ಶಾಲೆಯಿದೆ. ವಿಚಾರಿಸಿದೆ, ಆರನೇ ತರಗತಿಯಲ್ಲಿ ಜಾಗವಿದೆಯಂತೆ. ಒಂದು ವರ್ಷ ಇರಲಿ. ನಿನಗೂ ಚಿಕ್ಕವಳನ್ನು ನೆಮ್ಮದಿಯಾಗಿ ನೋಡಿಕೊಳ್ಳಲು ಆಗುತ್ತದೆ. ನನಗೆ ಇವಳು ಹೊರೆಯಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಈಗ ಮನೆಯಲ್ಲಿ ಮಾತಿರುತ್ತದೆ. ಊಟದ ತಟ್ಟೆ ಎರಡು ತೊಳೆಯಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಬರೆದರೆ ಚೆನ್ನಾಗಿರುವುದಿಲ್ಲ.

ಅರ್ಜಿ ತುಂಬಿಸಿ ಕೊಡಲು ಇಪ್ಪತ್ತೈದನೇ ತಾರೀಖು ಕೊನೆಯ ದಿನ.

ನಿನ್ನ ಅಕ್ಕ

*

ಮೇ ೧೦

ಅಕ್ಕಾ,

ಕೊಡುವುದಿಲ್ಲ.

ಎರಡು ತಿಂಗಳಿಗೆ ಕಳಿಸಿದ್ದನ್ನು ನೀನು ಇಟ್ಟುಕೊಳ್ಳಲು ನೋಡುತ್ತೀಯ. ಓದಿದ ಕೂಡಲೇ ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಟಿಕೆಟ್ ಕೌಂಟರಿನ ಮುಂದೆ ಇಲಿ ಕೇಳಿದಳು, "ಅಮ್ಮಾ, ಅವಳು ಬರಲ್ಲ ಅಂದ್ರೆ ಎಳ್ಕೊಂಡು ಬರ್ತೀಯಾ?" ಸಾಲಿನಿಂದ ಆಚೆ ಬಂದು ಮನೆಗೆ ನಡೆದೆವು. ಏಕೆಂದರೆ ಎಳೆದುಕೊಂಡೇ ಬರುತ್ತಿದ್ದೆ.

ಯಾರಿಗೂ ಹೇಳದ ಒಂದು ಮಾತು ಬರೆಯುತ್ತೇನೆ. ಅವಳು ವಾದ ಮಾಡುವಾಗ ಒಂದು ಹುಬ್ಬು ಮೇಲೆತ್ತುತ್ತಾಳೆ. ಎಡಗಡೆಯದು. ನೀನು ಎತ್ತುತ್ತಿದ್ದೆಯಲ್ಲ, ಅದೇ. ಯಾರೂ ಕಲಿಸಿಲ್ಲ, ಹುಟ್ಟಿನಿಂದ ಬಂದದ್ದು. ಆ ಹುಬ್ಬು ಕಂಡರೆ ನಾನು ನಲವತ್ತು ದಾಟಿದ ಹೆಂಗಸಾಗಿ ಉಳಿಯುವುದಿಲ್ಲ, ಮೂಲೆಯಲ್ಲಿ ಬೈಸಿಕೊಂಡು ನಿಂತ ಹುಡುಗಿಯಾಗುತ್ತೇನೆ. ಇಲಿ ಸೋತು ಕಚ್ಚಿದಾಗ ನನಗೆ ಒಳಗೊಳಗೇ ಸರಿ ಎನಿಸುತ್ತದೆ. ಅವತ್ತು ಅಜ್ಜನ ಹಲ್ಲು ಉರುಳಿದ್ದಕ್ಕೆ ಹೊಡೆಯಲಿಲ್ಲ. ದೊಡ್ಡವಳು ಆ ಹುಬ್ಬನ್ನೆತ್ತಿ ನನ್ನನ್ನು ನೋಡಿದಳು. ನಾನು ಹೊಡೆದದ್ದು ನಿನಗೆ. ಹೊಲಿಗೆ ಬಿದ್ದದ್ದು ಅವಳಿಗೆ.

ಈಗ ಆ ಮಗುವೂ ನನ್ನನ್ನು ಬಿಟ್ಟು ನಿನ್ನನ್ನೇ ಆರಿಸಿಕೊಂಡಿದೆ. ನಿನಗೆ ಇನ್ನೂ ಏನು ಬೇಕು?

ತಂಗಿ

*

ಮೇ ೨೩

ಪ್ರೀತಿಯ ತಂಗಿಗೆ,

ಉತ್ತರಕ್ಕೆ ಹತ್ತು ದಿನ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ. ನಾನು ಹರಿಯುವವಳೆಂದು ನಿನಗೆ ಗೊತ್ತಿರಲಿಕ್ಕಿಲ್ಲ.

ನಿನ್ನೆ ಒಂದು ಘಟನೆಯಾಯಿತು. ನನ್ನಿಂದ ಕೇಳುವ ಮೊದಲು ಅವಳಿಂದ ಕೇಳಬಾರದೆಂದು ಬರೆಯುತ್ತಿದ್ದೇನೆ. ಮೇಷ್ಟ್ರು ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದನ್ನು ಕಲಿಯುತ್ತಿದ್ದರು. ಹ್ಯಾಂಡ್‌ಬ್ರೇಕ್ ಹಾಕಿಸಿ, ಇಬ್ಬರೂ ಕೆಳಗಿಳಿದು ಚಕ್ರ ನೋಡುತ್ತಿದ್ದೆವು. ನಿನ್ನ ಮಗಳು ಹಿಂದಿನಿಂದ ಮುಂದಕ್ಕೆ ಬಂದು ಅದನ್ನು ಸಡಿಲಿಸಿದಳು. ಆಟಕ್ಕೆ. ಗಾಡಿ ಜಾರಿತು. ನಾನು ಬಾಗಿಲು ತೆಗೆದು ಒಳಗೆ ಬಿದ್ದು ಎಳೆದು ನಿಲ್ಲಿಸುವಷ್ಟರಲ್ಲಿ ರಸ್ತೆ ತಿರುವಿಗೆ ಎರಡು ಮಾರು ಉಳಿದಿತ್ತು. ಕೆಳಗಿನಿಂದ ಲಾರಿ ಬರುತ್ತಿತ್ತು.

ಆಮೇಲೆ ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ರಸ್ತೆಯಲ್ಲಿದ್ದವರೆಲ್ಲ ನಿಂತು ನೋಡಿದರು. ಅವಳ ತೋಳು ಹಿಡಿದು ಹೊರಗೆಳೆದು ಅಲುಗಾಡಿಸಿದೆ. ಬಿಟ್ಟಾಗ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು, ಇಲಿ ಕಚ್ಚಿದ್ದ ಜಾಗದಲ್ಲೇ.

ಅವಳು ಅಳಲಿಲ್ಲ. ಮನೆಗೆ ಬಂದ ಮೇಲೆ ನಾನು ಟವೆಲು ಮಡಚುತ್ತಾ ಕೂತಿದ್ದೆ, ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮ ಆದ್ರೆ ಹೊಡೆದ್ಮೇಲೆ ಬಂದು ಅಳ್ತಾಳೆ. ನನ್ನ ತಲೆ ಮೇಲೆ ಗಲ್ಲ ಇಟ್ಕೊಂಡು ಅಳ್ತಾಳೆ. ನೀವು ಟವೆಲ್ ಮಡಚ್ತಿದೀರ."

ತಾಯಿ ಅವಳಿಗೆ ಏಕವಚನ, ನಾನು ಬಹುವಚನ. ಒಂದೂವರೆ ತಿಂಗಳಿನಿಂದ ಅದು ಬದಲಾಗಲಿ ಎಂದು ಕಾಯುತ್ತಿದ್ದೇನೆ.

ನಿನಗೆ ಇನ್ನೂ ಏನು ಬೇಕು ಎಂದು ಕೇಳಿದ್ದೆ. ಹೇಳುತ್ತೇನೆ. ನೀನು ಪಾತ್ರೆ ಎಸೆದಾಗ ಅಮ್ಮ ನಿನಗೆ ಬೈಯುತ್ತಿದ್ದಳು, ಸ್ವಲ್ಪ ಹೊತ್ತಿಗೆ ತಾನೇ ಬಂದು ನಿನ್ನನ್ನು ಮಡಿಲಿಗೆ ಎಳೆದುಕೊಂಡು ತಲೆ ಬಾಚುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಜಾಣೆಯೆಂದು ಹೊಗಳಿಸಿಕೊಂಡವಳಿಗೆ ಯಾರೂ ಸಮಾಧಾನ ಹೇಳಬೇಕಾಗಿರಲಿಲ್ಲ. ನನಗೂ ಒಂದು ಪಾತ್ರೆ ಎಸೆಯಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ, ಧೈರ್ಯ ಬರಲಿಲ್ಲ. ಆ ಹುಬ್ಬು ಗೆದ್ದವಳದಲ್ಲ. ಅಳು ತಡೆಯಲು ನಾನು ಹುಬ್ಬು ಎತ್ತುತ್ತಿದ್ದೆ. ನಿನ್ನ ಮಗಳೂ ಯಾಕೆ ಎತ್ತುತ್ತಾಳೋ ಒಮ್ಮೆ ಸರಿಯಾಗಿ ನೋಡು.

ಶಾಲೆಯ ಅರ್ಜಿ ತುಂಬಿಸಿಲ್ಲ. ನಿನ್ನ ಮಗಳು ನನ್ನವಳಾಗಲಿ ಎಂದು ನಾನು ಆಸೆಪಟ್ಟದ್ದು ನಿಜ. ನೀನು ಸುಳ್ಳು ಹೇಳಲಿಲ್ಲ.

ಅಕ್ಕ

*

ಮೇ ೨೭

ನನ್ನ ಲಾಯರಮ್ಮನಿಗೆ,

ಇದನ್ನು ಯಾರೂ ಹೇಳಿ ಬರೆಸುತ್ತಿಲ್ಲ.

ಕ್ಯಾಲೆಂಡರ್ ನೋಡಿದೆ. ನಿನ್ನ ತಿಂಗಳು ಮುಗಿಯಲು ಮೂರು ದಿನವಿತ್ತು. ನೀನು ಹೇಳಿದ್ದು ಸರಿ.

ನಾನು ನಿನಗೆ ಹೊಡೆದದ್ದು ತಪ್ಪು. ದಣಿದಿದ್ದೆ, ಕೆಲಸ ಕೆಟ್ಟಿತು ಎಂದೆಲ್ಲ ಹೇಳಬಹುದು, ಆದರೆ ಅವೆಲ್ಲ ನನ್ನ ಕಷ್ಟಗಳು, ನಿನ್ನ ತಪ್ಪಲ್ಲ. ನೀನು ತಳ್ಳಿದ್ದನ್ನು ಮಾತ್ರ ನೋಡಿ, ಅವಳು ಕಚ್ಚಿದ್ದನ್ನು ನೋಡದೆ ಹೋಗಿದ್ದೇನೆ. ಒಂದು ಸಲವಲ್ಲ, ಬಹಳ ಸಲ. ಅದಕ್ಕೆ ಕಾರಣವಿದೆ, ಆ ಕಾರಣಕ್ಕೂ ನಿನಗೂ ಸಂಬಂಧವಿಲ್ಲ. ನಾನು ನನ್ನ ಅಕ್ಕನ ಮೇಲಿನ ಹಳೆಯ ಹೊಟ್ಟೆಕಿಚ್ಚನ್ನು ನಿನ್ನ ಮೇಲೆ ತೀರಿಸಿಕೊಂಡೆ. ದೊಡ್ಡವಳಾದ ಮೇಲೆ ನಿನಗೆ ಬಿಡಿಸಿ ಹೇಳುತ್ತೇನೆ. ಇಲ್ಲ, ನೀನು ಕೇಳಿದರೆ ಈಗಲೇ ಹೇಳುತ್ತೇನೆ.

ಇನ್ನು ಮೇಲೆ ನನಗೆ ಸಿಟ್ಟೇ ಬರುವುದಿಲ್ಲ ಎಂದು ಬರೆದರೆ ನೀನು ನಗುತ್ತೀಯ. ಬರುತ್ತದೆ. ಕೂಗಲೂಬಹುದು. ಕೈ ಎತ್ತುವುದಿಲ್ಲ. ಮೊದಲು ಏನಾಯಿತೆಂದು ಕೇಳುತ್ತೇನೆ, ನಿನ್ನನ್ನೂ ಅವಳನ್ನೂ. ಇದನ್ನು ನೀನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು ನನ್ನ ಸಹಿ ಹಾಕಿಸಿಕೊಳ್ಳಬಹುದು.

ಬರುವುದೂ ಇರುವುದೂ ನಿನಗೆ ಬಿಟ್ಟದ್ದು. ಈ ಸಾಲನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ, ಕಾಗದ ನೋಡಿದರೆ ನಿನಗೇ ತಿಳಿಯುತ್ತದೆ. ನೀನು ಅಲ್ಲೇ ಇರುತ್ತೇನೆಂದರೂ ನಾನು ಬಂದು ಎಳೆಯುವುದಿಲ್ಲ. ದೊಡ್ಡಮ್ಮ ಒಳ್ಳೆಯವಳು. ಅವಳಿಗೆ ಅಳು ಬಂದಾಗ ಬಟ್ಟೆ ಮಡಚುತ್ತಾಳೆ ಅಷ್ಟೆ.

ಅಮ್ಮ

*

ಜೂನ್ ೧

ಅಮ್ಮನಿಗೆ,

ಶನಿವಾರ ಸಂಜೆ ಬಸ್ಸಿಗೆ ಬರ್ತೀನಿ. ದೊಡ್ಡಮ್ಮ ಅರ್ಧ ದಾರಿವರೆಗೆ ಬಂದು ಅಪ್ಪನ ಹತ್ರ ಬಿಡ್ತಾರೆ.

ಸಹಿ ಹಾಕಿಸಿಕೊಳ್ಳೋ ಹಾಳೆ ತಯಾರಾಗಿದೆ. ಎರಡು ಪ್ರತಿ.

ಇಲಿ ನನ್ನ ಕಂಪಾಸ್ ಬಾಕ್ಸ್ ಮುಟ್ಟಿದಾಳೆ ಅಂತ ನನಗೆ ಗೊತ್ತು. ಪರವಾಗಿಲ್ಲ ಅಂತ ಹೇಳಬೇಡ. ಪರವಾಗಿದೆ. ಆದರೆ ನಾನೇ ಬಂದು ವಿಚಾರಿಸ್ತೀನಿ.

ನಿನ್ನ ದೊಡ್ಡ ಮಗಳು

*

ಜೂನ್ ೧೯

ಅಕ್ಕಾ,

ಮಗಳು ಬಂದು ಹದಿನೈದು ದಿನವಾಯಿತು. ಮೊದಲ ಮೂರು ದಿನ ಅಕ್ಕತಂಗಿಯರು ಒಬ್ಬರಿಗೊಬ್ಬರು ನೆಂಟರಂತೆ ಇದ್ದರು. "ನೀನೇ ತಗೋ", "ಇಲ್ಲ, ನೀನೇ ತಗೋ". ನಾನು ಅಡುಗೆಮನೆಯಿಂದ ಬಂದು ಬಂದು ಇಣುಕುತ್ತಿದ್ದೆ. ನಾಲ್ಕನೆಯ ದಿನ ಸಾಬೂನಿನ ಡಬ್ಬಿ ಹಾರಿತು, ಮನೆ ಮೊದಲಿನ ಹಾಗಾಯಿತು.

ಎಲ್ಲ ಸರಿಹೋಗಿದೆಯೆಂದು ಬರೆಯುವುದಿಲ್ಲ. ಎರಡು ಸಲ ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಒಮ್ಮೆ ಕೈ ಮೇಲೆ ಹೋಯಿತು. ಲಾಯರಮ್ಮ ಹುಬ್ಬು ಎತ್ತಿದಳು. ಈ ಸಲ ಹುಬ್ಬನ್ನು ಬಿಟ್ಟು ಅದರ ಕೆಳಗೆ ನೋಡಿದೆ. ನೀನು ಹೇಳಿದ್ದು ನಿಜ, ಕಣ್ಣು ತುಂಬಿತ್ತು. ನನ್ನ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನನ್ನ ತಲೆಯನ್ನೇ ಕೆರೆದುಕೊಂಡಿತು. ಇಲಿ ನಕ್ಕಳು, ಅವಳ ಅಕ್ಕನಿಗೂ ನಗು ಬಂತು, ನಾನು ನೆಲದ ಮೇಲೆ ಕೂತೆ. "ಏನಾಯ್ತು, ನೀನು ಹೇಳು ಮೊದ್ಲು" ಎಂದೆ ದೊಡ್ಡವಳಿಗೆ. ಮುಕ್ಕಾಲು ಗಂಟೆ ಹೇಳಿದಳು. ಅಷ್ಟರಲ್ಲಿ ಇಲಿ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು.

ಇವತ್ತಿನದು ಬೇರೆ. ಕೆಲಸ ಮುಗಿಸಿ ಬಂದರೆ ಮೆಟ್ಟಿಲವರೆಗೂ ಗಲಾಟೆ ಕೇಳುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲು ತೆರೆದು ನನ್ನನ್ನು ಕನಿಕರದಿಂದ ನೋಡಿದರು. ಒಳಗೆ ಹೋದರೆ ಲಾಯರಮ್ಮ ಇಲಿಯ ಜಡೆ ಹಿಡಿದಿದ್ದಾಳೆ, ಇಲಿ ಅವಳ ತೋಳಿನ ಹತ್ತಿರ ಬಾಯಿ ತಂದು ಕಚ್ಚಲೋ ಬೇಡವೋ ಎಂದು ನಿಂತಿದ್ದಾಳೆ.

"ಏನಾಯ್ತು?" ಎಂದೆ. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಮುಂದಿನ ರಜಕ್ಕೆ ದೊಡ್ಡಮ್ಮನ ಮನೆಗೆ ತಾನು ಹೋಗ್ತಾಳಂತೆ!" ಎಂದಳು ಲಾಯರಮ್ಮ.

"ಇವಳು ಆಗ್ಲೇ ಹೋಗಿ ಬಂದಿದಾಳೆ, ಈಗ ನನ್ನ ಸರದಿ!" ಎಂದಳು ಇಲಿ.

"ದೊಡ್ಡಮ್ಮ ಏನು ಕಿಟಕೀನಾ, ಸರದಿ ಹಾಕೋಕೆ? ಅವಳು ನನ್ನ ದೊಡ್ಡಮ್ಮ!"

"ನನಗೂ ದೊಡ್ಡಮ್ಮಾನೇ! ನಿನಗೊಬ್ಬಳಿಗೇ ಹೇಗೆ ಆಗ್ತಾಳೆ?"

ಬಿಡಿಸಲು ಕಾಲು ಗಂಟೆ ಹಿಡಿಯಿತು. ಇಬ್ಬರೂ ಅತ್ತರು, ಇಬ್ಬರೂ ಬಿಟ್ಟುಕೊಡಲಿಲ್ಲ. ಈಗ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ಅಕ್ಕಾ, ಸುಳ್ಳು ಹೇಳುವುದಿಲ್ಲ, ಬಾಗಿಲಲ್ಲಿ ನಿಂತಾಗ ಎದೆಯಲ್ಲಿ ಚುರುಕ್ ಎಂದಿತು. ಹಾಸಿಗೆಗೆ, ಡಬ್ಬಿಗೆ, ಪೆನ್ಸಿಲಿಗೆ ಕಿತ್ತಾಡಿದ್ದಾರೆ, ನನಗಾಗಿ ಒಮ್ಮೆಯೂ ಹೀಗೆ ಕಿತ್ತಾಡಿಲ್ಲ. ನಾಳೆ ಬರೆದರಾಯಿತು, ಬರೆಯದೇ ಇದ್ದರೂ ಆಯಿತು ಎಂದುಕೊಂಡು ಅಡುಗೆ ಒಲೆ ಹಚ್ಚಿದೆ. ಆಮೇಲೆ ಆರಿಸಿ ಬಂದು ಕೂತೆ.

ನಿನ್ನನ್ನು ತನ್ನವಳೆಂದು ಹೇಳಿಕೊಳ್ಳಲು ಈ ಮನೆಯಲ್ಲಿ ಇಬ್ಬರು ಜಡೆ ಹಿಡಿದು ಕಿತ್ತಾಡಿದರು. ಇದು ನಿನಗೆ ಇವತ್ತೇ ಗೊತ್ತಾಗಬೇಕು.

ನಿನ್ನ ತಂಗಿ